ವಾಲಿಯ ಪಕ್ಷ ವಹಿಸಿ ಸಿನಿಮಾ ನೋಡುವುದು

ಅಡಿಕೆ ಸುಲಿಯುವ ರಾತ್ರಿಗಳಲ್ಲಿ ನಮ್ಮನೆಯಲ್ಲಿ ಮಾತಿಗೆ ಬರ ಇಲ್ಲ. ಶಿರಸಿ ಪೇಟೆಯಿಂದ ಸಾಕಷ್ಟು ಒಳಗೆ, ನೆಟ್‌ವರ್ಕ್ ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಎನ್ನುವಂಥ ಊರು. ಅಂಗಳದಲ್ಲಿ ನಾಲ್ಕೈದು ಮೆಟ್ಟುಗತ್ತಿ, ನಡುವೆ ಅಡಿಕೆ ರಾಶಿ, ಪಕ್ಕದಲ್ಲಿ ಕಷಾಯದ ಪಾತ್ರೆ. ಕೈ ತನ್ನ ಪಾಡಿಗೆ ತಾನು ಸುಲಿಯುತ್ತಿರುತ್ತದೆ, ಬಾಯಿಗೆ ಬೇರೆ ಕೆಲಸ ಇಲ್ಲ. ಹಾಗೊಂದು ರಾತ್ರಿ 'ದೃಶ್ಯ' ಸಿನಿಮಾದ ಮಾತು ಬಂತು. 2013ರ ಮಲಯಾಳಂ ಸಿನಿಮಾ, ಮರುವರ್ಷ ರವಿಚಂದ್ರನ್ ಕನ್ನಡದಲ್ಲಿ ಮಾಡಿದ್ದು. ಕೇಬಲ್ ಟಿವಿ ನಡೆಸುವ ಒಬ್ಬ ಸಾಮಾನ್ಯ ಮನುಷ್ಯ, ನಾಲ್ಕನೇ ಕ್ಲಾಸೂ ದಾಟದವನು, ತನ್ನ ಮನೆಯಲ್ಲಿ ಪೊಲೀಸ್ ಅಧಿಕಾರಿಯೊಬ್ಬಳ ಮಗ ಸತ್ತದ್ದನ್ನು ಮುಚ್ಚಿಟ್ಟು ಇಡೀ ಪೊಲೀಸ್ ಇಲಾಖೆಯನ್ನು ಹೇಗೆ ಮಂಗ ಮಾಡಿದ ಅಂತ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. (ಕಥೆಯ ಕೊನೆ ಹೇಳಿಬಿಡುತ್ತೇನೆ, ಹತ್ತು ವರ್ಷ ದಾಟಿದೆ, ಬೈಯಬೇಡಿ.)

ಅಷ್ಟೊತ್ತು ಸುಮ್ಮನಿದ್ದ ಮಾವ ತಲೆಯೆತ್ತದೆ ಕೇಳಿದ. "ಅಲ್ದ ತಮಾ, ಆ ಪೊಲೀಸ್ ಹೆಂಗ್ಸಿನ ಮಗನೂ ಮಗನೇ ಅಲ್ದಾ?"

ಆಮೇಲೆ ಹನ್ನೊಂದೂವರೆವರೆಗೆ ಜಗಳ. ಅಡಿಕೆ ಮಾತ್ರ ಅರ್ಧಕ್ಕರ್ಧ ಹಾಗೇ ಉಳಿಯಿತು.

ಮಾವ ಸಿನಿಮಾ ಜಾಸ್ತಿ ನೋಡಿದವನಲ್ಲ. ಅವನದ್ದು ತಾಳಮದ್ದಲೆಯ ಹುಚ್ಚು. ಆದರೆ ಸಿನಿಮಾದಲ್ಲಿ ಬದುಕಿನ ಪ್ರಶ್ನೆ ಹುಡುಕುವುದು ಹೇಗೆ ಅಂತ ನಾನು ಓದಿದ ಏನೇನೋ ಬರಹಗಳಿಗಿಂತ ಆ ಒಂದು ಮಾತು ಹೆಚ್ಚು ಕಲಿಸಿತು. ಅದನ್ನೇ ಇಲ್ಲಿ ಬಿಡಿಸಿ ಹೇಳಲು ನೋಡುತ್ತೇನೆ.

ಸಿನಿಮಾ ನೋಡಿ ಬಂದವರನ್ನು ನಾವು ಕೇಳುವ ಮೊದಲ ಪ್ರಶ್ನೆ, ಹೆಂಗಿತ್ತು? ಎರಡನೆಯದು, ಮೆಸೇಜ್ ಎಂತ ಇತ್ತು? ಈ ಎರಡನೆಯದೇ ದಾರಿ ತಪ್ಪಿಸುವುದು. ಮೆಸೇಜ್ ಅಂದರೆ ಸಿನಿಮಾ ತನ್ನ ಬಾಯಿಂದಲೇ ಹೇಳಿಬಿಡುವ ಮಾತು. ಕೊನೆಯ ಹತ್ತು ನಿಮಿಷದಲ್ಲಿ ಹೀರೊ ಮೈಕ್ ಹಿಡಿದೋ ಹಿಡಿಯದೆಯೋ ಭಾಷಣ ಮಾಡುತ್ತಾನಲ್ಲ, ಅದು. ಅಪ್ಪ ಅಮ್ಮನನ್ನು ಚೆನ್ನಾಗಿ ನೋಡಿಕೊಳ್ಳಿ, ರೈತನನ್ನು ಮರೆಯಬೇಡಿ, ಕುಡಿಯಬೇಡಿ. ಇದನ್ನು ಯಾರು ಬೇಡ ಅಂತಾರೆ? ಯಾರೂ ಬೇಡ ಅನ್ನದ ಮಾತಿಗೆ ಎರಡೂವರೆ ತಾಸು ಬೇಕಾ? ಲಾರಿಯ ಹಿಂದೆ ಬರೆಸಿದರೂ ಆಯಿತು.

ನಿಜವಾದ ವಿಷಯ ಇರುವುದು ಕಥೆ ಸಿಕ್ಕಿಹಾಕಿಕೊಳ್ಳುವ ಜಾಗದಲ್ಲಿ. ಅದಕ್ಕೆ ನಮ್ಮಲ್ಲಿ ಹಳೆಯ ಹೆಸರೇ ಇದೆ, ಧರ್ಮಸಂಕಟ. ಕಳ್ಳನಿಗೂ ಪೊಲೀಸನಿಗೂ ಜಗಳವಾದರೆ ಅಲ್ಲಿ ಸಂಕಟ ಎಂಥದ್ದು, ಯಾರ ಕಡೆ ನಿಲ್ಲಬೇಕು ಅಂತ ಗೊತ್ತೇ ಇದೆ. ಎರಡು ಸರಿಗಳು ಎದುರುಬದುರು ನಿಂತು, ಒಂದನ್ನು ಹಿಡಿದರೆ ಇನ್ನೊಂದು ಕೈತಪ್ಪುತ್ತದೆ ಅಂದಾಗ ಬರುವುದು ಸಂಕಟ.

ಇನ್ನು ತಾಳಮದ್ದಲೆ. ನೋಡದವರಿಗೆ ಎರಡು ಮಾತು. ಯಕ್ಷಗಾನದಿಂದ ವೇಷ, ಕುಣಿತ ಎರಡನ್ನೂ ತೆಗೆದರೆ ಉಳಿಯುವುದು ಇದು. ಭಾಗವತರು ಪದ ಹೇಳುತ್ತಾರೆ, ಮದ್ದಲೆ ಚಂಡೆ ಇರುತ್ತದೆ. ಅರ್ಥಧಾರಿಗಳು ಪಂಚೆ ಶಲ್ಯದಲ್ಲಿ ಕೂತು, ಪಾತ್ರವಾಗಿ ಮಾತಾಡುತ್ತಾರೆ. ಪದ ಮೊದಲೇ ಬರೆದದ್ದು, ಅರ್ಥ ಮಾತ್ರ ಆ ಹೊತ್ತಿಗೆ ಹುಟ್ಟಬೇಕು. ಕಥೆ ಎಲ್ಲರಿಗೂ ಗೊತ್ತು. ವಾಲಿ ಸಾಯುತ್ತಾನೆ, ಅದರಲ್ಲಿ ಬದಲಾವಣೆ ಇಲ್ಲ. ಹಾಗಾದರೆ ಮಳೆಗಾಲದ ರಾತ್ರಿ ಜನ ನಿದ್ದೆಗೆಟ್ಟು ಕೂರುವುದು ಯಾಕೆ? ಸಾಯುವ ಮೊದಲು ವಾಲಿ ಏನು ಕೇಳುತ್ತಾನೆ ಅಂತ ನೋಡಲು.

ವಾಲಿಯ ಪ್ರಶ್ನೆ ವಾಲ್ಮೀಕಿಯಲ್ಲೇ ಇದೆ. ನಿನಗೆ ನಾನೇನು ಅನ್ಯಾಯ ಮಾಡಿದ್ದೆ? ಇನ್ನೊಬ್ಬನ ಜೊತೆ ಹೋರಾಡುತ್ತಿದ್ದವನಿಗೆ ಮರೆಯಿಂದ ಯಾಕೆ ಹೊಡೆದೆ? ಸೀತೆಗಾಗಿ ಅಂತಾದರೆ ನನಗೇ ಹೇಳಬಹುದಿತ್ತಲ್ಲ, ರಾವಣನ ಕುತ್ತಿಗೆಗೆ ಹಗ್ಗ ಕಟ್ಟಿ ತರುತ್ತಿದ್ದೆ. ರಾಮ ಉತ್ತರ ಕೊಡುತ್ತಾನೆ. ತಮ್ಮ ಬದುಕಿರುವಾಗಲೇ ಅವನ ಹೆಂಡತಿಯನ್ನು ಇಟ್ಟುಕೊಂಡೆ, ಭರತನ ರಾಜ್ಯದಲ್ಲಿ ಅದಕ್ಕೆ ಶಿಕ್ಷೆ ಇದೆ, ಮೇಲಾಗಿ ನೀನು ವಾನರ, ಬೇಟೆಯನ್ನು ಮರೆಯಿಂದ ಹೊಡೆಯಬಹುದು. ಒಳ್ಳೆಯ ಅರ್ಥಧಾರಿ ವಾಲಿ ಇಲ್ಲೇ ಹಿಡಿಯುತ್ತಾನೆ. ನಾನು ಪ್ರಾಣಿಯಾದರೆ ನಿನ್ನ ಧರ್ಮಶಾಸ್ತ್ರ ನನಗೆ ಯಾಕೆ? ಧರ್ಮಶಾಸ್ತ್ರ ನನಗೂ ಇದೆ ಅಂತಾದರೆ ಮರೆ ಯಾಕೆ? ಎದುರಿಗೆ ರಾಮನಾಗಿ ಕೂತವರು ಆಗ ಬೆವರಬೇಕು. ರಾಮನನ್ನು ಬೆಳಿಗ್ಗೆ ಪೂಜೆ ಮಾಡುವ ಜನವೇ ರಾತ್ರಿ ವಾಲಿಯ ಮಾತಿಗೆ ತಲೆದೂಗುತ್ತಾರೆ. ಅದರಿಂದ ಯಾರ ಭಕ್ತಿಯೂ ಕಡಿಮೆ ಆದದ್ದಿಲ್ಲ.

ಇದು ನಮ್ಮ ಕಡೆಯವರಿಗೆ ಪುಕ್ಕಟೆ ಸಿಕ್ಕಿದ ವಿದ್ಯೆ. ಸಿನಿಮಾಕ್ಕೆ ಹಚ್ಚಿ ನೋಡುವುದಿಲ್ಲ ಅಷ್ಟೇ.

ಈಗ 'ದೃಶ್ಯ'ಕ್ಕೆ ಬನ್ನಿ. ಮಗಳು ಸ್ನಾನ ಮಾಡುವುದನ್ನು ಒಬ್ಬ ಹುಡುಗ ಕದ್ದು ಮೊಬೈಲಿನಲ್ಲಿ ತೆಗೆದು ಬೆದರಿಸುತ್ತಾನೆ. ತಳ್ಳಾಟದಲ್ಲಿ ಸಾಯುತ್ತಾನೆ. ಅಪ್ಪ ಹೆಣ ಬಚ್ಚಿಡುತ್ತಾನೆ. ಸತ್ತವನ ತಾಯಿ ದೊಡ್ಡ ಪೊಲೀಸ್ ಅಧಿಕಾರಿ. ನಾವೆಲ್ಲ ಅಪ್ಪನ ಕಡೆ. ಯಾಕೆ? ಅವನದು ನ್ಯಾಯ ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ ಸಿನಿಮಾದ ಕಟ್ಟೋಣದಲ್ಲಿದೆ. ಮೊದಲ ಮುಕ್ಕಾಲು ತಾಸು ನಾವು ಆ ಮನೆಯಲ್ಲೇ ಇರುತ್ತೇವೆ. ಅಪ್ಪನ ಜಿಪುಣತನ, ಹೆಂಡತಿಯ ಗೊಣಗಾಟ, ಮಕ್ಕಳ ಬೇಡಿಕೆ, ಊಟ, ನಗು. ಅಷ್ಟೊತ್ತು ಒಂದು ಮನೆಯ ಜಗಲಿಯಲ್ಲಿ ಕೂತರೆ ಅವರು ನಮ್ಮವರಾಗಿಬಿಡುತ್ತಾರೆ. ಸತ್ತ ಹುಡುಗನಿಗೆ ಸಿಗುವುದು ಕೆಲವೇ ನಿಮಿಷ, ಆ ನಿಮಿಷಗಳಲ್ಲಿ ಅವನು ಬರೀ ಕೆಟ್ಟವ. ಅವನ ಮನೆಯ ಜಗಲಿಗೆ ನಮ್ಮನ್ನು ಕರೆದೇ ಇಲ್ಲ.

ಹಾಗಾಗಿ ನಾನು ಯಾವುದೇ ಸಿನಿಮಾಕ್ಕೆ ಕೇಳುವ ಮೊದಲ ಪ್ರಶ್ನೆ ಇದು: ನನ್ನನ್ನು ಯಾರ ಜಗಲಿಯಲ್ಲಿ ಕೂರಿಸಿದ್ದಾರೆ? ಇದು ಮೋಸ ಅಂತ ನಾನು ಹೇಳುತ್ತಿಲ್ಲ. ಕಥೆ ಹೇಳುವವನು ಎಲ್ಲಾದರೂ ಕೂರಲೇಬೇಕು. ಆದರೆ ಗೊತ್ತಿದ್ದು ಕೂರುವುದಕ್ಕೂ ಗೊತ್ತಿಲ್ಲದೆ ಕೂರುವುದಕ್ಕೂ ವ್ಯತ್ಯಾಸ ಇದೆ. ಒಬ್ಬನ ಮೇಲೆ ಮರುಕ ಬಂತು ಅಂದ ಮಾತ್ರಕ್ಕೆ ಅವನು ಮಾಡಿದ್ದು ಸರಿ ಅಂತ ಆಗುವುದಿಲ್ಲ, ನಾವು ಇವೆರಡನ್ನೂ ಬಹಳ ಸಲ ಒಂದೇ ಮಾಡಿಬಿಡುತ್ತೇವೆ.

ಎರಡನೆಯ ಪ್ರಶ್ನೆ, ಇದರ ಖರ್ಚು ಯಾರ ಲೆಕ್ಕಕ್ಕೆ? 'ದೃಶ್ಯ'ದಲ್ಲಿ ಅಪ್ಪ ಮಕ್ಕಳಿಗೆ ಸುಳ್ಳು ಹೇಳುವುದನ್ನು ಪಾಠದ ಹಾಗೆ ಕಲಿಸುತ್ತಾನೆ. ಪೊಲೀಸರು ಹೊಡೆದಾಗ ಏಟು ಬೀಳುವುದು ಸಣ್ಣ ಮಗಳಿಗೂ. ಮನೆ ಉಳಿಯಿತು ಸರಿ, ಆ ಮಕ್ಕಳು ಇನ್ನು ಮುಂದೆ ಹೇಗೆ ನಿದ್ದೆ ಮಾಡುತ್ತಾರೆ? ಸಿನಿಮಾ ಇದನ್ನು ಭಾಷಣವಾಗಿ ಹೇಳುವುದಿಲ್ಲ. ಆದರೆ ಕೊನೆಗೆ ಸತ್ತವನ ಅಪ್ಪ ಅಮ್ಮ ಬಂದು, ಅಧಿಕಾರ ಎಲ್ಲ ಕಳಚಿಟ್ಟು, ನಮ್ಮ ಮಗ ಇನ್ನು ಬರುತ್ತಾನಾ ಇಲ್ಲವಾ ಅಂತ ತಿಳಿಯಲು ನಿಲ್ಲುವ ದೃಶ್ಯ ಇದೆ. ಅಷ್ಟು ಹೊತ್ತು ಚದುರಂಗದ ಆಟದಂತೆ ಇದ್ದ ಕಥೆ ಅಲ್ಲಿ ಬೇರೆಯಾಗುತ್ತದೆ. ಮಾವನ ಪ್ರಶ್ನೆಗೆ ಜಾಗ ಸಿಕ್ಕಿದ್ದು ಅಲ್ಲೇ.

ಕೆಲವು ಸಿನಿಮಾ ಪ್ರಶ್ನೆಯನ್ನು ಮಾತಿನಲ್ಲಿ ಇಡುವುದೇ ಇಲ್ಲ, ವಸ್ತುವಿನಲ್ಲಿ ಇಡುತ್ತವೆ. 2021ರಲ್ಲಿ ಬಂದ, ಜಿಯೋ ಬೇಬಿ ನಿರ್ದೇಶನದ ಮಲಯಾಳಂ ಸಿನಿಮಾ 'ದಿ ಗ್ರೇಟ್ ಇಂಡಿಯನ್ ಕಿಚನ್' ಇದಕ್ಕೆ ಒಳ್ಳೆ ಉದಾಹರಣೆ. ಹೊಸದಾಗಿ ಮದುವೆಯಾಗಿ ಬಂದವಳು, ಗಂಡ, ಮಾವ, ಅಡುಗೆಮನೆ. ಪಾತ್ರಗಳಿಗೆ ಹೆಸರೂ ಇಲ್ಲ. ಹೆಚ್ಚುವುದು, ಬೇಯಿಸುವುದು, ಬಡಿಸುವುದು, ಎಂಜಲು ಎತ್ತುವುದು, ಮತ್ತೆ ಹೆಚ್ಚುವುದು. ಪಾತ್ರೆ ತೊಳೆಯುವ ಸಿಂಕಿನ ಕೆಳಗೆ ಪೈಪ್ ಸೋರುತ್ತದೆ. ಪ್ಲಂಬರನ್ನು ಕರೆಸಿ ಅಂತ ಗಂಡನಿಗೆ ಹೇಳುತ್ತಾಳೆ, ಅವನು ಮರೆಯುತ್ತಾನೆ. ಮತ್ತೆ ಹೇಳುತ್ತಾಳೆ, ಮತ್ತೆ ಮರೆಯುತ್ತಾನೆ.

ಇದನ್ನು ನಾನು ಆಯಿಯ ಜೊತೆ ಕೂತು ನೋಡಿದೆ. ಅಪ್ಪಯ್ಯ ಅರ್ಧಕ್ಕೆ ಎದ್ದು ತೋಟಕ್ಕೆ ನೀರು ಬಿಡಲು ಹೋದ, ಅದು ನೀರು ಬಿಡುವ ಹೊತ್ತೂ ಆಗಿರಲಿಲ್ಲ. ಆಯಿ ಸಿನಿಮಾದಲ್ಲಿ ಬರುವ ಶಬರಿಮಲೆ ವಿಷಯ, ಸ್ತ್ರೀವಾದ, ಯಾವುದರ ಬಗ್ಗೆಯೂ ಒಂದು ಮಾತಾಡಲಿಲ್ಲ. "ಒಂದು ಪೈಪ್ ರಿಪೇರಿ ಮಾಡ್ಸಲೆ ಇಷ್ಟು ದಿನ ಬೇಕಾ?" ಅಂದಳು ಅಷ್ಟೇ. ಸ್ವಲ್ಪ ಹೊತ್ತಿನ ಮೇಲೆ ನನಗೆ ಹೊಳೆಯಿತು. ನಮ್ಮನೆ ಬಚ್ಚಲ ಒಲೆಯ ಹೊಗೆ ತಿರುಗಿ ಒಳಗೇ ಬರುತ್ತದೆ ಅಂತ ಅವಳು ಹೇಳಲು ಶುರುಮಾಡಿ ಮೂರು ಮಳೆಗಾಲ ಆಗಿತ್ತು. ಕೇಳಿಸಿಕೊಂಡವರಲ್ಲಿ ನಾನೂ ಇದ್ದೆ.

ಆ ಗಂಡ ಹೊಡೆಯುವವನಲ್ಲ, ಕುಡಿಯುವವನಲ್ಲ, ಊರಿನ ಲೆಕ್ಕದಲ್ಲಿ ಸಂಭಾವಿತ. ಅದೇ ಈ ಸಿನಿಮಾದ ಜಾಣತನ. ಅವನನ್ನು ರಾಕ್ಷಸ ಮಾಡಿದ್ದರೆ ನೋಡುವ ಗಂಡಸರೆಲ್ಲ, ನಾನಂತೂ ಹಾಗಿಲ್ಲಪ್ಪ, ಅಂತ ಆರಾಮಾಗಿ ಕೂರಬಹುದಿತ್ತು.

ಇದರ ಎದುರಿಗೆ 'ಕಾಂತಾರ' ಇಡಬೇಕು ಅನ್ನಿಸುತ್ತದೆ. 2022ರ ಸಿನಿಮಾ, ರಿಷಬ್ ಶೆಟ್ಟಿಯದ್ದು, ನೋಡದವರು ಯಾರೂ ಇರಲಿಕ್ಕಿಲ್ಲ. ನನಗೂ ಇಷ್ಟ, ಕೊನೆಯ ಇಪ್ಪತ್ತು ನಿಮಿಷ ಕುರ್ಚಿ ಹಿಡಿದು ಕೂತಿದ್ದೆ. ಆದರೆ ಒಂದು ತಕರಾರು ಇದೆ. ಮೊದಲರ್ಧದಲ್ಲಿ ಅರಣ್ಯ ಅಧಿಕಾರಿ ಮುರಳಿ ಮತ್ತು ಊರಿನವರ ನಡುವೆ ಜಗಳ. ಕಾಡು ಉಳಿಯಬೇಕು ಅನ್ನುತ್ತಾನೆ ಅವನು, ಇದು ನಮ್ಮ ಅಜ್ಜನ ಕಾಲದ ಜಾಗ ಅನ್ನುತ್ತಾರೆ ಇವರು. ಉತ್ತರ ಕನ್ನಡದವರಿಗೆ ಇದು ಸಿನಿಮಾ ಕಥೆಯೇ ಅಲ್ಲ. ಜಿಲ್ಲೆಯ ಸುಮಾರು ಶೇಕಡಾ 80 ಕಾಡು. ಅತಿಕ್ರಮಣ, ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು), ಜಿಪಿಎಸ್ ಸರ್ವೆ ಅನ್ನುವ ಶಬ್ದ ಕೇಳದೆ ಇಲ್ಲಿ ಒಂದು ವಾರ ಕಳೆಯುವುದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ, ಬುಡಕಟ್ಟಿಗೆ ಸೇರದ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷದಿಂದ ಅಲ್ಲೇ ಇದ್ದದ್ದಕ್ಕೆ ಸಾಕ್ಷಿ ತೋರಿಸಬೇಕು. ಓದು ಬರಹ ಇಲ್ಲದ ಅಜ್ಜ ಯಾವ ಕಾಗದ ಇಟ್ಟಿರುತ್ತಾನೆ? ಕಾಗದ ಇಲ್ಲ ಅಂತ ಎಬ್ಬಿಸುವುದು ನ್ಯಾಯವಾ? ಹಾಗಂತ ಬೇಲಿ ಪ್ರತಿ ವರ್ಷ ನಾಲ್ಕು ಮಾರು ಮುಂದೆ ಹೋಗುವುದನ್ನು ನೋಡಿ ಸುಮ್ಮನಿರುವುದು ನ್ಯಾಯವಾ? ಇಲ್ಲಿ ಇಬ್ಬರಿಗೂ ಅರ್ಥ ಹೇಳಲು ಬೇಕಾದಷ್ಟು ಇದೆ, ಪ್ರಸಂಗ ಬೆಳಗಾದರೂ ಮುಗಿಯದು.

ಸಿನಿಮಾ ಏನು ಮಾಡಿತು? ಧಣಿಯನ್ನು ಖಳನಾಯಕ ಮಾಡಿತು. ಭೂಮಿ ಹೊಡೆಯಲು ಹೊಂಚು ಹಾಕಿದವನು ಅವನೇ ಅಂತ ಗೊತ್ತಾದ ಕೂಡಲೇ ಅಧಿಕಾರಿಯೂ ಊರಿನವರೂ ಒಂದೇ ಕಡೆ. ಕಷ್ಟದ ಪ್ರಶ್ನೆ ಸದ್ದಿಲ್ಲದೆ ಹಿಂದಿನ ಬಾಗಿಲಿನಿಂದ ಹೋಯಿತು. ಇದು ಬಹಳ ಸಿನಿಮಾಗಳ ಅಡ್ಡದಾರಿ. ಎರಡು ಸರಿ ಎದುರಾದಾಗ ಮೂರನೆಯ ಒಬ್ಬ ಪೂರ್ತಿ ಕೆಟ್ಟವನನ್ನು ತಂದು ನಿಲ್ಲಿಸಿದರೆ ಎಲ್ಲರ ತಲೆನೋವೂ ಕಡಿಮೆ ಆಗುತ್ತದೆ, ಚಪ್ಪಾಳೆಯೂ ಬೀಳುತ್ತದೆ.

ಕಾರವಾರದ ನನ್ನ ಗೆಳೆಯನೊಬ್ಬ ಇದನ್ನು ಇನ್ನೂ ಸರಿಯಾಗಿ ಹೇಳಿದ. ಅವನ ಅಜ್ಜನ ಮನೆ ಸೀಬರ್ಡ್ ನೌಕಾನೆಲೆಗೆ ಹೋಯಿತು. 2005ರಲ್ಲಿ ಆ ನೆಲೆ ಐಎನ್‌ಎಸ್ ಕದಂಬ ಅನ್ನುವ ಹೆಸರಲ್ಲಿ ಶುರುವಾಗುವ ಎಷ್ಟೋ ಮೊದಲೇ ಕರಾವಳಿಯ ಊರುಗಳು ಖಾಲಿಯಾಗಿದ್ದವು. "ನಮ್ಮ ಕಥೆ ಸಿನಿಮಾ ಮಾಡುದಾದ್ರೆ ವಿಲನ್ ಯಾರನ್ನ ಮಾಡ್ತ್ರಿ ಮಾರಾಯ್ರೆ?" ಅಂತ ಕೇಳಿದ. ದೇಶಕ್ಕೆ ನೌಕಾನೆಲೆ ಬೇಡ ಅನ್ನುವಷ್ಟು ದಡ್ಡ ಅವನಲ್ಲ. ಅಜ್ಜಿ ಸಾಯುವವರೆಗೂ ತನ್ನ ಮನೆಯ ತೆಂಗಿನಮರ ಎಣಿಸುತ್ತಿದ್ದಳು ಅನ್ನುವುದನ್ನು ಮರೆತವನೂ ಅಲ್ಲ.

ಹಾಗಾದರೆ ಖಳನಾಯಕನೇ ಇಲ್ಲದೆ ಸಿನಿಮಾ ನಿಲ್ಲುತ್ತದಾ? ನಿಲ್ಲುತ್ತದೆ. ಇರಾನಿನ ಅಸ್ಘರ್ ಫರ್ಹಾದಿ 2011ರಲ್ಲಿ ಮಾಡಿದ 'ಎ ಸೆಪರೇಶನ್' ನೋಡಿ, ಆಸ್ಕರ್ ಬಂದ ಸಿನಿಮಾ ಅನ್ನುವುದನ್ನು ಮರೆತು ನೋಡಿ. ಮಗಳ ಭವಿಷ್ಯಕ್ಕಾಗಿ ದೇಶ ಬಿಟ್ಟು ಹೋಗೋಣ ಅನ್ನುತ್ತಾಳೆ ಹೆಂಡತಿ. ಮರೆವಿನ ಕಾಯಿಲೆಯ ಅಪ್ಪನನ್ನು ಬಿಟ್ಟು ಬರುವುದಿಲ್ಲ ಅನ್ನುತ್ತಾನೆ ಗಂಡ. ಅವರಿಗೆ ನೀನು ಮಗ ಅನ್ನುವುದೇ ನೆನಪಿಲ್ಲವಲ್ಲ ಅನ್ನುತ್ತಾಳೆ ಅವಳು. ಅವರು ನನ್ನ ಅಪ್ಪ ಅನ್ನುವುದು ನನಗೆ ನೆನಪಿದೆಯಲ್ಲ ಅನ್ನುತ್ತಾನೆ ಅವನು. ಯಾರ ಪಕ್ಷ ವಹಿಸುತ್ತೀರಿ?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಓಡಾಡಿದವರಿಗೆ ಈ ಜಗಳ ಪರ್ಷಿಯನ್ ಭಾಷೆಯಲ್ಲಿದ್ದರೂ ಅರ್ಥವಾಗುತ್ತದೆ. ಎಂಟು ಅಂಕಣದ ಮನೆ, ಒಳಗೆ ಎರಡು ಮುದಿಜೀವ. ಮಗ ಬೆಂಗಳೂರಿನಲ್ಲಿ, ಇಲ್ಲವೇ ಅಮೆರಿಕದಲ್ಲಿ. ಅವನನ್ನು ಓದಿಸಿ ಕಳಿಸಿದವರೂ ಈ ಅಪ್ಪ ಅಮ್ಮನೇ, ಬಾ ಅನ್ನಲು ಬಾಯಿ ಬರುವುದಿಲ್ಲ. ಬರುವುದಿಲ್ಲ ಅನ್ನಲು ಅವನಿಗೂ ಬಾಯಿ ಬರುವುದಿಲ್ಲ. ಹಬ್ಬಕ್ಕೆ ಬಂದಾಗ ಎಲ್ಲರೂ ಅಡಿಕೆ ರೇಟಿನ ಬಗ್ಗೆ ಮಾತಾಡುತ್ತಾರೆ. ತಂದೆತಾಯಿಯನ್ನು ನೋಡಿಕೊಳ್ಳಿ ಅನ್ನುವ ಮೆಸೇಜು ಈ ಮನೆಗೆ ಏನು ಮಾಡೀತು? ಅದು ಎಲ್ಲರಿಗೂ ಗೊತ್ತಿರುವುದರಿಂದಲೇ ಅಲ್ಲಿ ಯಾರೂ ಬಾಯಿ ಬಿಡುತ್ತಿಲ್ಲ.

ಆ ಸಿನಿಮಾದ ಮೊದಲ ದೃಶ್ಯದಲ್ಲಿ ಗಂಡ ಹೆಂಡತಿ ಕೋರ್ಟಿನಲ್ಲಿ ಕ್ಯಾಮೆರಾವನ್ನೇ ನೋಡಿ ವಾದ ಮಾಡುತ್ತಾರೆ. ನ್ಯಾಯಾಧೀಶ ಕಾಣುವುದಿಲ್ಲ, ಅವನ ಕುರ್ಚಿಯಲ್ಲಿ ನಾವಿದ್ದೇವೆ. ಅಂದರೆ ಇಲ್ಲಿ ನಮ್ಮನ್ನು ಯಾರ ಜಗಲಿಯಲ್ಲೂ ಕೂರಿಸಿಲ್ಲ. ಮುಂದೆ ಮನೆಗೆಲಸದ ಹೆಂಗಸು, ಒಂದು ತಳ್ಳಾಟ, ಒಂದು ಗರ್ಭಪಾತ, ಒಂದು ಕೇಸು ಬರುತ್ತದೆ. ದುಡ್ಡಿಗೆ ಒಪ್ಪಂದವಾಗಿ ಎಲ್ಲ ಮುಗಿಯಿತು ಅನ್ನುವಾಗ, ಗರ್ಭಪಾತ ಆದದ್ದು ನಾನು ತಳ್ಳಿದ್ದರಿಂದಲೇ ಅಂತ ಕುರಾನ್ ಮುಟ್ಟಿ ಆಣೆ ಮಾಡು ಅನ್ನುತ್ತಾನೆ ಗಂಡ ಆ ಕೆಲಸದ ಹೆಂಗಸಿಗೆ. ಅವಳ ಮನೆಯಲ್ಲಿ ಸಾಲಗಾರರು ಕಾಯುತ್ತಿದ್ದಾರೆ, ದುಡ್ಡು ಬೇಕೇ ಬೇಕು. ಆದರೆ ಖಾತ್ರಿಯಿಲ್ಲದ ಮಾತಿಗೆ ಆಣೆ ಮಾಡಲು ಕೈ ಏಳುವುದಿಲ್ಲ. ದೇವರ ಮುಂದೆ ಆಣೆ ಭಾಷೆ ಅಂದಾಗ ಎಂಥ ಗಟ್ಟಿಗರೂ ತಣ್ಣಗಾಗುವುದನ್ನು ನಮ್ಮೂರ ಜಗಳಗಳಲ್ಲಿ ನೋಡಿದ್ದೇನೆ. ಕೊನೆಯಲ್ಲಿ ಅಪ್ಪನ ಜೊತೆ ಇರುತ್ತೀಯಾ ಅಮ್ಮನ ಜೊತೆಯಾ ಅಂತ ಮಗಳನ್ನು ಕೇಳುತ್ತಾರೆ. ನಿರ್ಧಾರ ಮಾಡಿದ್ದೇನೆ ಅನ್ನುತ್ತಾಳೆ. ಏನು ಅಂತ ನಮಗೆ ಹೇಳುವುದಿಲ್ಲ. ಅಪ್ಪ ಅಮ್ಮ ಹೊರಗೆ ಕಾಯುತ್ತಿರುವಾಗಲೇ ಸಿನಿಮಾ ಮುಗಿಯುತ್ತದೆ.

ನಮ್ಮಲ್ಲೂ ತೀರ್ಪು ಕೊಡದ ಸಿನಿಮಾಗಳಿವೆ. 2015ರ 'ತಿಥಿ'ಯಲ್ಲಿ ಮಂಡ್ಯ ಕಡೆಯ ಹಳ್ಳಿಯಲ್ಲಿ ನೂರು ದಾಟಿ ಸತ್ತ ಅಜ್ಜನ ಮೊಮ್ಮಗ ಜಮೀನು ಮಾರುವುದಕ್ಕಾಗಿ, ಬದುಕಿರುವ ಅಪ್ಪನಿಗೇ ಮರಣ ಪ್ರಮಾಣಪತ್ರ ಮಾಡಿಸಲು ಹೊರಡುತ್ತಾನೆ. ಅಪ್ಪ ಗಡ್ಡಪ್ಪನಿಗೆ ಅದರ ಚಿಂತೆಯೇ ಇಲ್ಲ, ಬ್ರಾಂದಿ ಹಿಡಿದು ಅಲೆಯುತ್ತಾನೆ. ಹಿಸ್ಸೆ, ಪಹಣಿ, ವಾರಸಾ ಅಂತ ತಾಲೂಕು ಆಫೀಸಿನ ಮೆಟ್ಟಿಲು ಸವೆಸಿದ ಯಾರೂ ಆ ಮೊಮ್ಮಗನನ್ನು ಪೂರ್ತಿ ಬೈಯಲಾರರು. ನಾವು ನಗುತ್ತೇವೆ, ಆಮೇಲೆ ಯಾಕೆ ನಕ್ಕೆವು ಅಂತ ಮುಜುಗರವಾಗುತ್ತದೆ.

ಇನ್ನು ನಮ್ಮ ಜಿಲ್ಲೆಯವರೇ ಆದ ನಟೇಶ ಹೆಗಡೆ ನಮ್ಮದೇ ಕಾಡುಮೇಡಿನಲ್ಲಿ ಮಾಡಿದ 'ಪೆಡ್ರೋ'. 2021ರಲ್ಲಿ ಬೂಸಾನ್ ಚಿತ್ರೋತ್ಸವದಲ್ಲಿ ತೋರಿಸಿದರು. ಮುಖ್ಯ ಪಾತ್ರ ನಿರ್ದೇಶಕರ ಅಪ್ಪ ಗೋಪಾಲ ಹೆಗಡೆಯವರದ್ದು. ಕರೆಂಟಿನ ಕೆಲಸ ಮಾಡಿಕೊಂಡಿರುವ ಪೆಡ್ರೋನಿಂದ ಅಕಸ್ಮಾತ್ ಒಂದು ದನ ಸಾಯುತ್ತದೆ, ಊರು ಅವನ ಮೇಲೆ ತಿರುಗಿಬೀಳುತ್ತದೆ. ಕ್ಯಾಮೆರಾ ಎಷ್ಟೋ ಸಲ ದೂರದಲ್ಲಿ ನಿಂತು ಸುಮ್ಮನೆ ನೋಡುತ್ತದೆ. ಮಳೆ, ಕೆಸರು, ಮರ, ಅದರ ನಡುವೆ ಸಣ್ಣಗೆ ಮನುಷ್ಯರು. ನೋಡುತ್ತಾ ನೋಡುತ್ತಾ ನನಗೆ ಅನ್ನಿಸಿದ್ದು, ನಾನು ಕೂತಿರುವುದು ಪೆಡ್ರೋನ ಜಗಲಿಯಲ್ಲಿ ಅಲ್ಲ, ಊರಿನವರ ಜೊತೆಯಲ್ಲಿ. ಇನ್ನೊಬ್ಬನ ಮನೆಗೆ ನೀರು ನಿಲ್ಲಿಸಿದಾಗ, ಕೆಲಸಕ್ಕೆ ಕರೆಯುವುದು ಬಿಟ್ಟಾಗ, ಏನೂ ಮಾಡದೆ ನೋಡುತ್ತಾ ನಿಂತವರ ಸಾಲಿನಲ್ಲಿ.

ಎಲ್ಲ ಸಿನಿಮಾವನ್ನೂ ಹೀಗೆ ಕೆದಕಬೇಕಾ? ಬೇಡ ಮಾರಾಯ್ರೆ. ಹೀರೊ ಒಂದೇ ಕೈಯಲ್ಲಿ ಇಪ್ಪತ್ತು ಜನರನ್ನು ಎಸೆಯುವ ಸಿನಿಮಾಕ್ಕೆ ಹೋದರೆ ಶಿಳ್ಳೆ ಹೊಡೆದು ಬನ್ನಿ. ಮಕ್ಕಳನ್ನು ಕರೆದುಕೊಂಡು ಹೋಗಿ ವಾಪಸ್ ಬರುವಾಗ ಬಸ್ಸಿನಲ್ಲೇ, ಇದರಿಂದ ಏನು ಕಲಿತೆ ಅಂತ ಕೇಳುವ ಕೆಟ್ಟ ಚಾಳಿಯನ್ನಂತೂ ಬಿಡಿ, ಅವು ನಿಮಗೆ ಬೇಕಾದ ಉತ್ತರ ಹೇಳಿ ಪಾರಾಗುತ್ತವೆ. ಅದರ ಬದಲು, ನೀನು ಅವನ ಜಾಗದಲ್ಲಿದ್ದರೆ ಎಂತ ಮಾಡ್ತಿದ್ದೆ ಅಂತ ಕೇಳಿ. ಅದಕ್ಕಿಂತ ಮಜಾ ಬರುವುದು, ಇಡೀ ಸಿನಿಮಾದಲ್ಲಿ ಒಂದೇ ಒಂದು ಮಾತೂ ಸಿಗದ ಪಾತ್ರ ಯಾವುದು, ಅದಕ್ಕೆ ಬಾಯಿ ಬಂದಿದ್ದರೆ ಏನು ಹೇಳುತ್ತಿತ್ತು ಅಂತ ಕೇಳಿದರೆ. ಮಾವ ಮಾಡುವುದು ಅದನ್ನೇ.

ಅವನ ಜೊತೆ ಆ ರಾತ್ರಿ ಜಗಳವಾಡಿ ಮೂರು ದಿನವಾಗಿತ್ತು. ಬೆಳಿಗ್ಗೆ ಆರೂವರೆಗೆ ಫೋನ್ ಬಂತು. ಯಾರಿಗಾದರೂ ಹುಷಾರಿಲ್ಲವೇನೋ ಅಂತ ಗಾಬರಿಯಿಂದ ಎತ್ತಿದೆ.

"ತಮಾ, ಆ ಹೆಣ ಹುಗಿದದ್ದು ಹೊಸ ಪೊಲೀಸ್ ಸ್ಟೇಶನ್ ಅಡಿಗಲ್ದಾ?"

"ಹೌದು ಮಾವ."

"ಹಂಗಾರೆ ಅದಕ್ಕೆ ನೆಲ ಹಾಕಿದ ಮೇಸ್ತ್ರಿ ಇರ್ತಾ ಅಲ್ದಾ? ಮಣ್ಣು ಸಡಿಲ ಆಗಿದ್ದು ಅವಂಗೆ ಗೊತ್ತಾಗ್ದೇ ಇರ್ತಾ?"